1932ರ ಆಕ್ಸಲ್ ಎಂದು ನಂಬಿ ನಾನು ಮನೆಗೆ ತಂದದ್ದು

ಹಳೆಯ ಫೋರ್ಡ್ ಕಟ್ಟುವವರಿಗೆ ಒಂದು ಮಾತು: ಮಾರುವವನು ಹೇಳಿದ ಇಸವಿಯನ್ನು ನಂಬಿ ಮುಂದಿನ ಆಕ್ಸಲ್, ಅಂದರೆ ಮುಂದಿನ ಎರಡು ಚಕ್ರಗಳ ನಡುವಿನ ಅಡ್ಡ ತೊಲೆ, ಕೊಳ್ಳಬೇಡಿ. ನಾನು ಕೊಂಡೆ. 450 ಡಾಲರ್ ಹೋದದ್ದಿರಲಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಆಕ್ಸಲ್ ಮೇಲೆ ಹೆದ್ದಾರಿಗೆ ಇಳಿಯುವವನಿದ್ದೆ ಎಂಬುದನ್ನು ನೆನೆದರೆ ಈಗಲೂ ನಿದ್ದೆ ಹಾರುತ್ತದೆ.

ಒಹಾಯೊದ ನಮ್ಮ ಮನೆಯ ಗ್ಯಾರೇಜಿನಲ್ಲಿ 1931ರ ಫೋರ್ಡ್ ಮಾಡೆಲ್ ಎ ಒಂದನ್ನು ಹಾಟ್ ರಾಡ್ ಮಾಡುವ, ಅಂದರೆ ತಗ್ಗಿಸಿ ವೇಗಕ್ಕೆ ತಕ್ಕಂತೆ ಮಾರ್ಪಡಿಸುವ, ಹುಚ್ಚು ನನ್ನದು. 1932ರ ವಿಷ್‌ಬೋನ್, ಅಂದರೆ ಆಕ್ಸಲ್ಲಿನ ಎರಡು ಬದಿಗಳನ್ನು ಹಿಡಿದು ಹಿಂದೆ ಒಂದೇ ಕಡೆ ಕೂಡುವ ಕವಲು ಸರಳು, ಆಗಲೇ ಸಿಕ್ಕಿತ್ತು. ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಒಬ್ಬ, “ಡ್ಯೂಸ್‌ನ ಹೆವಿ ಆಕ್ಸಲ್, 4 ಇಂಚು ಇಳಿಸಿದ್ದು” ಎಂದ. ಡ್ಯೂಸ್ ಅಂದರೆ 1932ರ ಫೋರ್ಡ್, ಹೆವಿ ಅಂದರೆ ದಪ್ಪದ್ದು, ಇಳಿಸಿದ್ದು ಅಂದರೆ ಕಾರು ತಗ್ಗಾಗಿ ಕೂರಲೆಂದು ತುದಿಗಳನ್ನು ಮೇಲಕ್ಕೆ ಬಾಗಿಸಿದ್ದು. ಮಿರಮಿರ ಮಿಂಚುವ ಕಪ್ಪು ಬಣ್ಣ. 1932 ಎಂದು ಕೇಳಿದರೆ ಈ ಹವ್ಯಾಸದವರ ಬುದ್ಧಿ ಜೇಬಿಗೆ ಇಳಿದುಬಿಡುತ್ತದೆ. ಅಳತೆಯ ಕ್ಯಾಲಿಪರ್ ಕಾರಿನಲ್ಲೇ ಇತ್ತು, ತರಲು ಸೋಮಾರಿತನ.

ಮನೆಯಲ್ಲಿ ವಿಷ್‌ಬೋನಿನ ಕವಲಿನೊಳಗೆ ಆಕ್ಸಲ್ ಕೂರಿಸಿದರೆ ಗಡಗಡ ಅಲ್ಲಾಡಿತು. ಆಗ ಅಳೆದೆ. ವಿಷ್‌ಬೋನನ್ನು ಆಕ್ಸಲ್ಲಿಗೆ ಬಿಗಿಯುವ ಪರ್ಚ್ ಬೋಲ್ಟ್ ತೂರುವ ದಪ್ಪ ಭಾಗದ ಎತ್ತರ ಸರಿಯಾಗಿ 2 ಇಂಚು. ಇದು ಮಾಡೆಲ್ ಎ ಅಳತೆ. 1932ರ ಹೆವಿ ಆಕ್ಸಲ್ ಆಗಿದ್ದರೆ 2.25 ಇಂಚು ಇರಬೇಕಿತ್ತು. ಮಾರಿದವನಿಗೆ ಫೋನ್ ಮಾಡಿದೆ. “ವಾಷರ್ ಹಾಕಿಕೊಳ್ಳಿ” ಎಂದು ಇಟ್ಟುಬಿಟ್ಟ.

ಹಾಕಿಯೂಬಿಡುತ್ತಿದ್ದೆನೇನೋ. ನೆರೆಮನೆಯ ಹಿರಿಯರು, ನಿವೃತ್ತ ವೆಲ್ಡರ್, ಕಾಫಿಗೆ ಬಂದವರು ಬಾಗಿದ ಜಾಗದ ಮೇಲೆ ಬೆರಳಾಡಿಸಿ ತಟ್ಟನೆ ನಿಂತರು. ಜೇಬಿನ ಚಾಕುವಿನಿಂದ ಕೆರೆದರು. ಬಣ್ಣದ ಕೆಳಗೆ ಬೂದು ಪುಟ್ಟಿ, ಪುಟ್ಟಿಯ ಕೆಳಗೆ ಇರುವೆಸಾಲಿನಂತೆ ಅಡ್ಡಕ್ಕೆ ಹೋದ ವೆಲ್ಡಿಂಗ್ ಗೆರೆ, ಅದರ ಅಂಚಿಗೆ ಕೂದಲೆಳೆಯಷ್ಟು ಬಿರುಕು. ಅವರು ಕಾಫಿ ಮುಟ್ಟಲಿಲ್ಲ.

ಸ್ಯಾನ್ ಡಿಯೇಗೊದ ಎಡ್ ಸ್ಟುವರ್ಟ್ ಅವರಂಥ ಹಳೆಯ ಕಸುಬುದಾರರು ಆಕ್ಸಲ್ ಇಳಿಸುತ್ತಿದ್ದದ್ದು ಕೆಂಪಗೆ ಕಾಯಿಸಿ ಎಳೆದು. ಅಂಥದ್ದರಲ್ಲಿ ತುದಿಯ ಹತ್ತಿರ ಐ ಆಕಾರದ ತೊಲೆ ಸಣ್ಣಗಾಗಿರುತ್ತದೆ, ಬೆಸುಗೆ ಇರುವುದಿಲ್ಲ. ನನ್ನದನ್ನು ಯಾರೋ ಕತ್ತರಿಸಿ ಅಂಟಿಸಿದ್ದರು.

ಹಾಗಾಗಿ ದಪ್ಪ ಹೊಸ ಬಣ್ಣ ಕಂಡರೆ ಕೆರೆಯಲು ಅನುಮತಿ ಕೇಳಿ. ಬೇಡ ಎಂದರೆ ಅದೇ ಉತ್ತರ. ಕ್ರೋಮ್ ಇನ್ನೂ ಕೆಟ್ಟದ್ದು: ಕೆರೆಯಲಾಗದು, ಜೊತೆಗೆ ಲೇಪನದ ನಂತರ ಸರಿಯಾಗಿ ಕಾಯಿಸದಿದ್ದರೆ ಒಳಸೇರಿದ ಹೈಡ್ರೋಜನ್‌ನಿಂದ ಗಟ್ಟಿ ಉಕ್ಕು ಪೆಡಸಾಗಬಹುದು. ಆಕ್ಸಲನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ತಟ್ಟಿ, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಬಡಿದು ಮಾಡಿದ ಉಕ್ಕು ಗಂಟೆಯಂತೆ ಗುಂಯ್‌ಗುಡುತ್ತದೆ, ಎರಕದ್ದು ದಬ್ ಎನ್ನುತ್ತದೆ. ಇದೊಂದನ್ನೇ ನಂಬಬೇಡಿ, ನನ್ನದೂ ಸ್ವಲ್ಪ ಗುಂಯ್‌ಗುಟ್ಟಿತ್ತು.

60 ಅಶ್ವಶಕ್ತಿಯ ಸಣ್ಣ ವಿ8 ಫೋರ್ಡ್‌ಗಳಿಗೆ 1937ರಿಂದ 1940ರವರೆಗೆ ಬಂದ ಕೊಳವೆ ಆಕ್ಸಲ್ ನೋಡಲು ಚೆನ್ನ, ಅದನ್ನೂ ಯಾರೋ ನನಗೆ ದಾಟಿಸಲು ನೋಡಿದರು. ವಿಷ್‌ಬೋನನ್ನು ಸೀಳಿ ಚಾಸಿಯ ಎರಡು ಬದಿಗೆ ಕಟ್ಟುವ ಯೋಚನೆಯಿದ್ದರೆ ಅದು ಬೇಡ. ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಐ ತೊಲೆ ತಿರುಚಿಕೊಂಡು ಸುಧಾರಿಸುತ್ತದೆ, ಕೊಳವೆ ತಿರುಚುವುದಿಲ್ಲ. ಆ ಒತ್ತಡವೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ.

ದುಡ್ಡು ವಾಪಸಾಗಲಿಲ್ಲ. ಆಕ್ಸಲನ್ನು ಇಡಿಯಾಗಿ ಗುಜರಿಗೆ ಹಾಕಿದರೆ ಇನ್ನೊಂದು ಸಂತೆಗೆ ಹೊಸ ಬಣ್ಣ ಬಳಿದುಕೊಂಡು ಬರುತ್ತದೆ ಎಂದು ಆ ಹಿರಿಯರೇ ಗ್ರೈಂಡರ್ ತಂದರು. ನಡುವೆ ಎರಡು ತುಂಡು ಮಾಡಿ, ಆಮೇಲೆ ಹಾಕಿಬಂದೆವು.