ಪೊಲಿ ಪೊಲಿ ದೇವಾ: ನಾಪೋಕ್ಲು ಕಡೆಯ ಒಂದು ಹೋಂಸ್ಟೇಯಲ್ಲಿ ಪುತ್ತರಿ

ಪುತ್ತರಿ ಅಂದರೆ ಕೊಡವರು ಗದ್ದೆಯಿಂದ ಹೊಸ ಭತ್ತದ ಕದಿರು (ತೆನೆ) ತೆಗೆದು ಮನೆಗೆ ತರುವ ಸುಗ್ಗಿ ಹಬ್ಬ. ಪುತ್ತರಿಗೆಂದು ಕೊಡಗಿನಲ್ಲಿ ಹೋಂಸ್ಟೇ ಹುಡುಕುವವರು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಕದಿರು ತೆಗೆಯುವಾಗ ನಮ್ಮನ್ನೂ ಗದ್ದೆಗೆ ಕರೆದುಕೊಂಡು ಹೋಗ್ತೀರಾ? ಹೌದು ಎನ್ನುವವರು ಕಡಿಮೆ. ಅದು ಅವರ ತಪ್ಪಲ್ಲ. ಹಬ್ಬ ಆ ಒಕ್ಕದ್ದು, ಅಂದರೆ ಆ ಮನೆತನದ್ದು, ಅವರ ಮೂಲಮನೆಯಾದ ಐನ್‌ಮನೆಯದ್ದು. ಹೊರಗಿನವರನ್ನು ಕರೆಯಲೇಬೇಕು ಅಂತ ಏನಿಲ್ಲ. ನಾಪೋಕ್ಲು ಕಡೆ ಕಾಫಿ ತೋಟದೊಳಗೆ ಇರುವ ಈ ಮನೆಯವರು ಹೌದು ಎಂದರು, ತಮ್ಮ ಹಿರಿಯರನ್ನು ಕೇಳಿಯೇ ಹೌದು ಎಂದರು. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ಇರುವುದು ಮೂರೇ ಕೋಣೆ, ಜನ ಜಾಸ್ತಿಯಾದರೆ ಹಬ್ಬ ಮಾಡುವುದೇ ಕಷ್ಟ ಅಂತ ಅವರೇ ಕೇಳಿಕೊಂಡರು. ಆದರೂ ಬರೆಯುತ್ತಿದ್ದೇನೆ. ಒಳ್ಳೆಯ ಹೋಂಸ್ಟೇ ಹಬ್ಬದ ದಿನ ಹೇಗಿರಬೇಕು ಅನ್ನುವುದು ಗೊತ್ತಾಗಲಿ ಎಂದು.

ನಾನು ಮಡಿಕೇರಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ನನ್ನೂರು ವಿಜಯಪುರ ಜಿಲ್ಲೆ. ಹೋದ ಪುತ್ತರಿಗೆ ಅಪ್ಪ, ಅವ್ವ ಇಲ್ಲಿಗೆ ಬಂದಿದ್ದರು. ಹಿಂದೆ ಬೇರೊಂದು ಕಡೆ 'ಪುತ್ತರಿ ಪ್ಯಾಕೇಜ್' ತಗೊಂಡಿದ್ದೆ. ಅಲ್ಲಿ ಅಂಗಳದಲ್ಲಿ ದೊಡ್ಡ ಸ್ಪೀಕರ್, ಬೆಂಕಿ ಸುತ್ತ ಸಿನಿಮಾ ಹಾಡು, ಗೋಡೆಗೆ ನಾಲ್ಕು ತೆನೆ. ಅಪ್ಪ ಅವ್ವನಿಗೆ ಅಂಥದ್ದು ತೋರಿಸಲು ಮನಸ್ಸಿರಲಿಲ್ಲ.

ಬುಕಿಂಗ್ ಬಗ್ಗೆ ಒಂದು ಮಾತು. ಪುತ್ತರಿ ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಹುಣ್ಣಿಮೆಯ ಆಸುಪಾಸಿನಲ್ಲಿ, ರೋಹಿಣಿ ನಕ್ಷತ್ರ ನೋಡಿ ಬರುತ್ತದೆ. ಮುಹೂರ್ತ ಇಡುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ನೆರೆ (ಎಲೆಗಳ ಕಟ್ಟು) ಕಟ್ಟುವುದು ಇಷ್ಟು ಹೊತ್ತಿಗೆ, ಕದಿರು ತೆಗೆಯುವುದು ಇಷ್ಟು ಹೊತ್ತಿಗೆ, ಊಟ ಇಷ್ಟು ಹೊತ್ತಿಗೆ ಅಂತ ಅಲ್ಲಿಂದಲೇ ಹೊರಡುತ್ತದೆ. ಹಾಗಾಗಿ ಈ ಮನೆಯವರು ಮುಹೂರ್ತ ಗೊತ್ತಾಗುವವರೆಗೆ ಮುಂಗಡ ತೆಗೆದುಕೊಳ್ಳಲಿಲ್ಲ. ದಿನ ಗೊತ್ತಾದ ಸಂಜೆ ಅವರೇ ಫೋನ್ ಮಾಡಿದರು. ಈ ಶಿಸ್ತು ನನಗೆ ತುಂಬಾ ಹಿಡಿಸಿತು.

ರಾತ್ರಿ ಐನ್‌ಮನೆಗೆ ನಡೆದೇ ಹೋದೆವು. ಗಂಡಸರು ಕುಪ್ಯ (ಉದ್ದನೆಯ ಕೋಟು), ಚೇಲೆ (ಸೊಂಟಪಟ್ಟಿ) ತೊಟ್ಟಿದ್ದರು, ಹೆಂಗಸರು ನೆರಿಗೆ ಹಿಂದಕ್ಕೆ ಬರುವ ಹಾಗೆ ಸೀರೆ ಉಟ್ಟಿದ್ದರು. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುಕೋಣೆಯಲ್ಲಿ, ತೂಗುದೀಪ ಉರಿಯುತ್ತಿತ್ತು. ಮಾವು, ಅರಳಿ ಸೇರಿದಂತೆ ಐದು ಬಗೆಯ ಎಲೆ ಇಟ್ಟು ನೆರೆ ಕಟ್ಟಿದರು. ನಮ್ಮನ್ನು ಬಾಗಿಲ ಪಕ್ಕ ಚಾಪೆ ಹಾಕಿ ಕೂರಿಸಿದರು. ದೀಪದ ಮುಂದೆ ಫೋಟೋ ಬೇಡ, ಗದ್ದೆಯಲ್ಲಿ ತೆಗೆಯಬಹುದು ಅಂತ ಮೊದಲೇ ಹೇಳಿದ್ದರು. ಹೀಗೆ ಮುಂಚೆಯೇ ಹೇಳಿದರೆ ಅತಿಥಿಗೆ ಎಷ್ಟು ನಿರಾಳ ಅಲ್ವಾ?

ಆಮೇಲೆ ಎಲ್ಲರೂ ಗದ್ದೆಗೆ. ಮುಂದೆ ತಟ್ಟೆಯಲ್ಲಿ ಅಕ್ಕಿ, ದೀಪ ಹಿಡಿದ ಹೆಣ್ಣುಮಗಳು. ಆ ಅಕ್ಕಿ, ದೀಪದ ತಟ್ಟೆಗೆ ತಳಿಯತಕ್ಕಿ ಬೊಳ್ಚ ಎನ್ನುತ್ತಾರೆ. ಹಿಂದೆ ಕುಡುಗೋಲು ಹಿಡಿದವರು, ಕೋವಿ ಹಿಡಿದವರು, ಮಕ್ಕಳು, ನಾವು. ಬೆಳದಿಂಗಳಿತ್ತು. ಬದುವಿನ ಮೇಲೆ ಇಬ್ಬನಿ. ಅವ್ವನ ಕೈಯನ್ನು ಆ ಮನೆಯ ಹುಡುಗಿಯೊಬ್ಬಳು ಕೊನೆಯವರೆಗೂ ಬಿಡಲಿಲ್ಲ. ಗದ್ದೆಗೆ ಪೂಜೆ ಆಯಿತು. ಆಕಾಶಕ್ಕೆ ಗುಂಡು ಹಾರಿಸಿದರು. ಕುಡುಗೋಲು ಮೊದಲ ತೆನೆಗೆ ತಾಗಿದ ಹಾಗೇ ಕೂಗು ಎದ್ದಿತು: ಪೊಲಿ ಪೊಲಿ ದೇವಾ! ಒಬ್ಬರ ದನಿ ಅಲ್ಲ, ಇಡೀ ಒಕ್ಕದ ದನಿ. ಸ್ವಲ್ಪ ಹೊತ್ತಿಗೆ ಆಚೆ ಗುಡ್ಡದ ಕಡೆಯಿಂದಲೂ ಕೋವಿ ಸದ್ದು ಬಂತು, ಅದರ ಹಿಂದೆಯೇ ಅದೇ ಕೂಗು. ಹೊತ್ತು ಒಂದೇ ಆದ್ದರಿಂದ ಗದ್ದೆಯಿಂದ ಗದ್ದೆಗೆ ಕೇಳುತ್ತದೆ.

ಪೊಲಿ ಅಂದರೆ ಹೆಚ್ಚಲಿ, ತುಂಬಿ ಬರಲಿ ಅಂತ. ತುಳುವಿನಲ್ಲೂ ಪೊಲಿ ಅಂದರೆ ಸಮೃದ್ಧಿಯೇ. ಆದರೆ ಅದನ್ನು ಬೇಡಿಕೆಯ ದನಿಯಲ್ಲಿ ಯಾರೂ ಹೇಳಲಿಲ್ಲ. ಬೆಳೆ ಕಣ್ಣ ಮುಂದೆ ಇದೆ, ಕೈಯಲ್ಲಿ ತೆನೆ ಇದೆ. ಆ ಹಿಗ್ಗು ಬಾಯಿಗೆ ಬಂದ ಹಾಗೆ ಕೂಗುತ್ತಾರೆ. ಕದಿರು ಹೊತ್ತು ಮನೆಗೆ ಬರುವ ದಾರಿಯಲ್ಲೂ ಕೂಗುತ್ತಾರೆ. ಮನೆಗೆ ಬಂದು ಬಾಗಿಲಿಗೆ, ಕಂಬಕ್ಕೆ, ಕಣಜಕ್ಕೆ, ಕೊಟ್ಟಿಗೆಗೆ ತೆನೆ ಕಟ್ಟುವಾಗಲೂ ಕೂಗುತ್ತಾರೆ. ನಮ್ಮ ಕಾರಿಗೂ ಎರಡು ತೆನೆ ಕಟ್ಟಿದರು. ನನ್ನ ಮಗಳು ವಿಡಿಯೋಗೆ ಇನ್ನೊಂದು ಸಲ ಕೂಗಿ ಅಂಕಲ್ ಎಂದಾಗ ಮನೆಯ ಯಜಮಾನರು ನಕ್ಕು, 'ಸುಮ್ನೆ ಕೂಗುವುದಲ್ಲ ಮಗಳೇ, ಕೈಯಲ್ಲಿ ಕದಿರು ಇರಬೇಕು' ಎಂದು ಅವಳ ಕೈಗೆ ಒಂದು ತೆನೆ ಕೊಟ್ಟರು. ಅವಳು ಕೂಗಿದಳು. ಸುತ್ತ ಇದ್ದವರೆಲ್ಲ ದನಿ ಸೇರಿಸಿದರು. ವಿಡಿಯೋ ಮಾಡುವುದು ಅವಳಿಗೆ ಮರೆತೇಹೋಯಿತು.

ಅಪ್ಪ ಬದುವಿನ ಮೇಲೇ ನಿಂತುಬಿಟ್ಟಿದ್ದರು. 'ಏ, ಇದು ನಮ್ಮ ಹುಲ್ಲುಲಿಗೋ ಇದ್ದಂಗ ಐತಲ್ಲೋ!' ಎಂದರು. ನಮ್ಮ ಕಡೆ ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಹುಲ್ಲುಲಿಗೋ ಎಂದು ಕೂಗುತ್ತಾ ಚರಗ ಚೆಲ್ಲುತ್ತೇವೆ, ಅಂದರೆ ಹಬ್ಬದ ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ. ಅಲ್ಲಿ ಬಿಳಿಜೋಳ, ಕಡಲೆ, ಇಲ್ಲಿ ಭತ್ತ. ಅಪ್ಪ ಇದನ್ನು ಹೇಳಿದ್ದೇ ತಡ, ಆ ಮನೆಯ ಹಿರಿಯರು ಅವರನ್ನು ಪಕ್ಕಕ್ಕೆ ಕರೆದುಕೊಂಡು ಎಲ್ಲ ವಿಚಾರಿಸಿದರು. ಚರಗಕ್ಕೆ ಏನೇನು ಅಡುಗೆ, ಯಾರು ಮೊದಲು ಚೆಲ್ಲುತ್ತಾರೆ, ಹೆಂಗಸರೂ ಕೂಗುತ್ತಾರಾ ಅಂತ. ಊಟದ ಹೊತ್ತಿಗೂ ಇಬ್ಬರ ಮಾತು ಮುಗಿದಿರಲಿಲ್ಲ. ಯಾವ ಹೋಂಸ್ಟೇಯ ದರಪಟ್ಟಿಯಲ್ಲೂ ಇದು ಇರುವುದಿಲ್ಲ. ಆದರೆ ನಾನು ಕೊಟ್ಟ ದುಡ್ಡಿಗೆ ಸಿಕ್ಕಿದ್ದರಲ್ಲಿ ದೊಡ್ಡದು ಇದೇ.

ಊಟದ ಬಗ್ಗೆ. ಅಪ್ಪ ಅವ್ವ ಮಾಂಸ ತಿನ್ನುವುದಿಲ್ಲ. ಹಬ್ಬದ ರಾತ್ರಿ ಆ ಮನೆಯಲ್ಲೂ ಸಸ್ಯಾಹಾರವೇ ಇತ್ತು. ಹೊಸ ಅಕ್ಕಿಯ ಪಾಯಸ, ಪುತ್ತರಿ ಗೆಣಸಿಗೆ ಜೇನು, ಮತ್ತೆ ತಂಬಿಟ್ಟು. ನಮ್ಮ ಕಡೆಯ ತಂಬಿಟ್ಟಿನ ಉಂಡೆ ಅಂದುಕೊಳ್ಳಬೇಡಿ. ಇಲ್ಲಿಯದು ಹುರಿದ ಅಕ್ಕಿಯ ಹಿಟ್ಟಿಗೆ ಮಾಗಿದ ಬಾಳೆಹಣ್ಣು ಕಿವುಚಿ ಕಲಸುವುದು, ಮೇಲೆ ತುಪ್ಪ, ಎಳ್ಳು, ತೆಂಗಿನತುರಿ. ಏಲಕ್ಕಿಯ ಘಮ ಬೆರಳಲ್ಲೇ ಉಳಿಯುತ್ತದೆ. ಅವ್ವ ಹಾಕಿಸಿಕೊಂಡು ತಿಂದರು. ಮರುದಿನ ನಮ್ಮ ಕೋಣೆಯವರಿಗೆ ಕಡಂಬಿಟ್ಟು (ಅಕ್ಕಿ ತರಿಯ ಕಡುಬು), ತರಕಾರಿ ಸಾರು. ಪಕ್ಕದ ಕೋಣೆಯವರಿಗೆ ಕಡಂಬಿಟ್ಟು, ಪಂದಿ ಕರಿ (ಹಂದಿ ಮಾಂಸದ ಸಾರು). ಪಾತ್ರೆ, ಸೌಟು ಎಲ್ಲ ಬೇರೆ ಬೇರೆ. ಆ ಮನೆಯ ಆಂಟಿ ಅದನ್ನು ನಾವು ಕೇಳದೆಯೇ ಮಾಡಿದ್ದರು.

ಕೊರತೆಗಳೂ ಇವೆ. ಬಚ್ಚಲಿನ ನೆಲ ಜಾರುತ್ತದೆ, ವಯಸ್ಸಾದವರಿಗೆ ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇಲ್ಲ. ಇದನ್ನು ಅವರಿಗೇ ಹೇಳಿ ಬಂದಿದ್ದೇನೆ. ಸೌದೆ ಒಲೆಯ ಹಂಡೆಯ ನೀರು ಬೆಳಿಗ್ಗೆ ತಡವಾಗಿ ಕಾಯುತ್ತದೆ. ಮೊಬೈಲ್ ಸಿಗ್ನಲ್ ಇಲ್ಲ ಅಂತಲೇ ತಿಳಿಯಿರಿ. ಕೊನೆಯ ದಾರಿ ಮಣ್ಣಿನದು, ಕೆಳಮಟ್ಟದ ಕಾರಿಗೆ ತಳ ತಾಗುತ್ತದೆ. ಕೋಣೆಗಳು ಸಾಧಾರಣ, ಹಾಸಿಗೆ ಶುಭ್ರ. ಹಬ್ಬದ ದಿನ ಅಂತ ದರ ಏರಿಸಲಿಲ್ಲ.

ಚಿಕ್ಕ ಮಕ್ಕಳಿದ್ದರೆ ಕೋವಿ ಸದ್ದಿನ ಬಗ್ಗೆ ಮೊದಲೇ ಹೇಳಿ ಕರೆದೊಯ್ಯಿರಿ, ಹತ್ತಿರದಲ್ಲಿ ನಿಜಕ್ಕೂ ಜೋರು. ಟಾರ್ಚ್, ಸ್ವೆಟರ್, ಒದ್ದೆಯಾದರೂ ಪರವಾಗಿಲ್ಲ ಎನ್ನುವಂಥ ಚಪ್ಪಲಿ ಇರಲಿ. ಕುಡಿದು ಕುಣಿಯಲು ಬರುವವರಿಗೆ ಈ ಮನೆ ಅಲ್ಲ, ಅವರು ಫೋನಿನಲ್ಲೇ ಬೇಡ ಎನ್ನುತ್ತಾರೆ. ಕೋಲಾಟ ನೋಡಬೇಕಿದ್ದರೆ ಒಂದು ದಿನ ಜಾಸ್ತಿ ಉಳಿಯಿರಿ, ಮಡಿಕೇರಿಯ ಕೋಟೆ ಆವರಣದಲ್ಲೂ ಊರವರು ಸೇರುವ ಬಯಲುಗಳಾದ ಮಂದ್‌ಗಳಲ್ಲೂ ನಡೆಯುತ್ತದೆ. ನಾವು ರಜೆ ಇಲ್ಲದೆ ಮಧ್ಯಾಹ್ನವೇ ಹೊರಟೆವು. ಮುಂದಿನ ಪುತ್ತರಿಗೆ ಒಂದು ಕೋಣೆ ಹೇಳಿಟ್ಟಿದ್ದೇವೆ. ಎಳ್ಳ ಅಮವಾಸ್ಯೆಗೆ ನಮ್ಮ ಹೊಲಕ್ಕೆ ಬರಬೇಕು ಅಂತ ಅಪ್ಪ ಅವರನ್ನು ಕರೆದಿದ್ದಾರೆ, ಬರುತ್ತೇವೆ ಎಂದಿದ್ದಾರೆ.