ಯರಿ ನೆಲದಲ್ಲಿ ಎಕ್ಸ್‌ಪಲ್ಸ್ 200 4ವಿ: ಎರಡು ಮಳೆಗಾಲ ಬಳಸಿದ ಮೇಲೆ

ಅಣ್ಣಿಗೇರಿ, ನವಲಗುಂದ ಕಡೆಯ ಯರಿ (ಕಪ್ಪು ಮಣ್ಣಿನ) ಹೊಲದ ದಾರಿಗೆ ಒಂದು ಹದ ಮಳೆ ಬಿದ್ದ ಮೇಲೆ ಬೈಕ್ ಇಳಿಸಿದರೆ ಇನ್ನೂರು ಮೀಟರ್ ದಾಟುವುದೇ ಕಷ್ಟ. ರಾಡಿ ಟಾಯರಿನ ಗುಬ್ಬಿಗಳ ಸಂದಿಯಲ್ಲಿ ತುಂಬಿ, ಮಡ್‌ಗಾರ್ಡಿನ ಕೆಳಗೆ ಕೂತು, ಗಾಲಿಯನ್ನೇ ಕಟ್ಟಿಹಾಕುತ್ತದೆ. ಅದೇ ದಿನ ಧಾರವಾಡ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಅಳ್ನಾವರ-ಕಲಘಟಗಿ ಕಡೆಯ ಕೆಂಪು ಗರಸಿನಲ್ಲಿ ಅದೇ ಬೈಕ್ ಆರಾಮಾಗಿ ಓಡುತ್ತದೆ. ಅದಕ್ಕೇ ಈ ವಿಮರ್ಶೆಯಲ್ಲಿ ಎಂಜಿನ್ ಶಕ್ತಿಯ ಮಾತಿಗಿಂತ ಮಣ್ಣಿನ ಮಾತೇ ಹೆಚ್ಚು. ಮಣ್ಣಿನ ದಾರಿಯಲ್ಲಿ ಓಡಿಸಲು ಕಲಿಯುವ ನಮ್ಮ ಭಾಗದ ಹೊಸಬರಿಗೆ ಹೀರೋದ ಈ ಎಕ್ಸ್‌ಪಲ್ಸ್ 200 4ವಿ ತಕ್ಕ ಬೈಕ್. ಇಲ್ಲಿ ಬೈಕಿಗೆ ಕಲ್ಲು-ತಗ್ಗುಗಳಿಗಿಂತ ದೊಡ್ಡ ಶತ್ರು ಒಣಗಿ ಕಲ್ಲಾದ ಯರಿ ಮಣ್ಣು, ಅದರ ಜೊತೆಗೆ ಅದನ್ನು ತಪ್ಪಾಗಿ ತೊಳೆಯುವ ಅಭ್ಯಾಸ.

ಮೊದಲು ಆಯ್ಕೆ. ಮಣ್ಣಿನ ದಾರಿಗೆಂದೇ ಮಾಡಿದ ಪೂರ್ತಿ ಡರ್ಟ್ ಬೈಕ್, ಅಂದರೆ ಕವಾಸಾಕಿಯ ಕೆಎಲ್‌ಎಕ್ಸ್ 140ಜಿ ಥರದ್ದು, ನೋಂದಣಿಯಾಗುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ, ಅಭ್ಯಾಸದ ಜಾಗಕ್ಕೆ ಪ್ರತಿ ಸಲ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಹೋಗಬೇಕು. 2018ರಲ್ಲಿ ಬಂದಾಗಲೇ ಅದರ ಬೆಲೆ 4 ಲಕ್ಷ ದಾಟಿತ್ತು. ಕೆಎ-25, ಕೆಎ-26, ಕೆಎ-27 ಯಾವುದೇ ನಂಬರಿನಲ್ಲಿ ಮನೆಯಿಂದಲೇ ಓಡಿಸಿಕೊಂಡು ಹೋಗಿ, ಹೊಲದ ದಾರಿಯಲ್ಲಿ ಕಲಿತು, ಸೋಮವಾರ ಅದರ ಮೇಲೇ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಹೀರೋದ ಎಕ್ಸ್‌ಪಲ್ಸ್ ಸರಿಹೊಂದುತ್ತದೆ. 2019ರಲ್ಲಿ ಬಂದ ಎರಡು ವಾಲ್ವಿನ ಮಾದರಿಗೆ 2021ರಲ್ಲಿ ನಾಲ್ಕು ವಾಲ್ವಿನ ಹೆಡ್ ಬಂತು. 199.6 ಸಿಸಿ, ಐದು ಗೇರ್, ಮುಂದೆ 21 ಮತ್ತು ಹಿಂದೆ 18 ಇಂಚಿನ ಸ್ಪೋಕ್ ಗಾಲಿ. ಸಸ್ಪೆನ್ಷನ್ ಮುಂದೆ 190, ಹಿಂದೆ 170 ಮಿ.ಮೀ. ಆಡುತ್ತದೆ. ನೆಲದಿಂದ ಎತ್ತರ 220 ಮಿ.ಮೀ.

ಹೊಸಬರು ನೋಡಬೇಕಾದದ್ದು ಎರಡು ಅಂಕಿ: ಸೀಟಿನ ಎತ್ತರ ಮತ್ತು ತೂಕ. ಸೀಟು ಸುಮಾರು 825 ಮಿ.ಮೀ., ತೂಕ 158 ಕೆಜಿ ಆಸುಪಾಸು. ಐದೂವರೆ ಅಡಿಯವರಿಗೆ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ. ಕಲಿಯುವಾಗ ದಿನಕ್ಕೆ ನಾಲ್ಕು ಸಲ ಬೀಳುವುದು ಸಹಜ, ಪ್ರತಿ ಸಲವೂ ಅದನ್ನು ಎತ್ತಬೇಕು. ಅಲ್ಲಿ ಈ 158 ಕೆಜಿ ಭಾರವೇ ಅನ್ನಿಸುತ್ತದೆ. ರಸ್ತೆಗೂ ಇಳಿಸಬಹುದಾದ ಕವಾಸಾಕಿಯ ಕೆಎಲ್‌ಎಕ್ಸ್ 230 ಇದಕ್ಕಿಂತ ಹಗುರ, 139 ಕೆಜಿ. ಆದರೆ ಅದರ ಸೀಟು 880 ಮಿ.ಮೀ., ಟ್ಯಾಂಕಿಗೆ 7.6 ಲೀಟರ್ ಪೆಟ್ರೋಲ್ ಮಾತ್ರ. ಎಕ್ಸ್‌ಪಲ್ಸ್‌ದು 13 ಲೀಟರ್ ಟ್ಯಾಂಕ್. ಎಕ್ಸ್‌ಪಲ್ಸ್‌ದೇ ಪ್ರೋ ಮಾದರಿಯ ಸೀಟು 891 ಮಿ.ಮೀ., ಹೊಸಬರಿಗೆ ಬೇಡ. ಕೊಳ್ಳುವ ಹಣದಲ್ಲೇ ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಗಿಣ್ಣು ಮುಚ್ಚುವ ಬೂಟಿಗೂ ಪಾಲು ತೆಗೆದಿಡಿ. ಬೈಕ್ ಪಕ್ಕಕ್ಕೆ ಬಿದ್ದಾಗ ಮೊದಲು ಸಿಕ್ಕಿಕೊಳ್ಳುವುದು ಗಿಣ್ಣು.

ಇನ್ನು ಚೈನ್. ಯರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಗಟ್ಟಿಯಾಗುತ್ತದೆ. ಅದು ಚೈನ್ ಓಡುವ ಹಲ್ಲುಗಾಲಿಯ (ಸ್ಪ್ರಾಕೆಟ್) ಹಲ್ಲುಗಳ ಬುಡದಲ್ಲಿ ತುಂಬಿತೆಂದರೆ ಚೈನ್ ಹಲ್ಲಿನ ಬುಡಕ್ಕೆ ಕೂರದೆ ಮಣ್ಣಿನ ಮೇಲೇರಿ ಓಡುತ್ತದೆ. ಸ್ಪ್ರಾಕೆಟ್ ದೊಡ್ಡದಾದಂತೆಯೇ ಲೆಕ್ಕ, ಮನೆಯಲ್ಲಿ ಸರಿಯಿದ್ದ ಚೈನ್ ಹೊಲದಲ್ಲಿ ತಂತಿಯಂತೆ ಬಿಗಿಯುತ್ತದೆ. ಆ ಎಳೆತ ನೇರವಾಗಿ ಎಂಜಿನ್ನಿನ ಸಣ್ಣ ಸ್ಪ್ರಾಕೆಟ್ ಕೂತ ಶಾಫ್ಟಿನ ಬೇರಿಂಗ್ ಮತ್ತು ಆಯಿಲ್ ಸೀಲಿಗೆ ಬೀಳುತ್ತದೆ. ಸಣ್ಣ ಸ್ಪ್ರಾಕೆಟ್ಟಿನ ಹಿಂದೆ ಆಯಿಲ್ ಜಿನುಗಿದ್ದು ಕಂಡರೆ ಕಾರಣ ಬಹಳ ಸಲ ಇದೇ. ಮಳೆಗಾಲದಲ್ಲಿ ಚೈನನ್ನು ಕೈಪಿಡಿ ಕೊಟ್ಟ ಅಳತೆಯ ಸಡಿಲ ತುದಿಯಲ್ಲಿ ಇಡಿ. ಪರೀಕ್ಷಿಸುವ ಸರಿಯಾದ ರೀತಿ ಇದು: ಭಾರದ ಒಬ್ಬರನ್ನು ಸೀಟಿನ ಹಿಂಭಾಗದಲ್ಲಿ ಕೂರಿಸಿ ಸಸ್ಪೆನ್ಷನ್ ಒತ್ತಿಸಿ. ಸಣ್ಣ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ (ಹಿಂದಿನ ಗಾಲಿ ಹಿಡಿದ ತೋಳು) ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಬಿಗಿಯುತ್ತದೆ. ಆಗಲೂ ಅದು ಬೆರಳಿಗೆ ಸ್ವಲ್ಪ ಆಡಬೇಕು. ರಾಡಿ ತುಂಬಿದ ಚೈನನ್ನು ದಾರಿಯಲ್ಲಿ ಹೊಂದಿಸಲು ಹೋಗಬೇಡಿ, ತೊಳೆದ ಮೇಲೆ ಅಳತೆ ತಪ್ಪಿರುತ್ತದೆ.

ಚೈನ್ ತೊಳೆಯಲು ಮೆತ್ತನೆ ಬ್ರಷ್ ಮತ್ತು ಸೀಮೆಎಣ್ಣೆ ಸಾಕು, ಸಿಗದಿದ್ದರೆ ಡೀಸೆಲ್. ಪೆಟ್ರೋಲ್ ಮುಟ್ಟಿಸಬೇಡಿ, ಓ-ರಿಂಗ್ ಇರುವ ಚೈನಾದರೆ ರಬ್ಬರ್ ಕೆಡುತ್ತದೆ. ಒರೆಸಿದ ಮೇಲೆ 90 ನಂಬರ್ ಗೇರ್ ಆಯಿಲನ್ನು ಚೈನಿನ ಒಳಬದಿಗೆ ಹನಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಹೊರಗಿನದನ್ನು ಒರೆಸಿ. ಬೇಸಿಗೆಯಲ್ಲಿ ಹೊರಗೆ ಎಣ್ಣೆ ಉಳಿದರೆ ಯರಿ ಧೂಳು ಅಂಟಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ.

ಟಾಯರಿನ ಒಳಗೆ ಟ್ಯೂಬ್ ಇದೆ. ರಸ್ತೆಗೆ ಬೈಕಿನ ಮೇಲಿನ ಸ್ಟಿಕ್ಕರ್ ಹೇಳಿದಷ್ಟು ಗಾಳಿ ಇರಲಿ. ಸಡಿಲ ಮಣ್ಣಿಗೆ ಮುಂದೆ 18-20, ಹಿಂದೆ 20-22 ಪಿಎಸ್‌ಐಗೆ ಇಳಿಸಬಹುದು. ಇದಕ್ಕೂ ಕೆಳಗೆ ಹೋಗಬೇಡಿ. ಕಲ್ಲಿಗೆ ಹೊಡೆದಾಗ ರಿಮ್ ಟ್ಯೂಬನ್ನು ಕಚ್ಚಿ ಹಾವು ಕಡಿದಂತೆ ಜೋಡಿ ತೂತು ಬೀಳುತ್ತದೆ. ಇನ್ನೊಂದು ಅಪಾಯ ಹೊರಗೆ ಕಾಣುವುದಿಲ್ಲ: ಗಾಳಿ ಕಡಿಮೆಯಾದಾಗ ಟಾಯರ್ ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ, ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡು ಬುಡದಲ್ಲಿ ಹರಿಯುತ್ತದೆ. ಅದಕ್ಕೆ ಪ್ಯಾಚ್ ಹಾಕಲು ಬರುವುದಿಲ್ಲ. ಹೀಗಾಗಿ ವಾಲ್ವಿನ ಕೆಳಗಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ಮುಚ್ಚಳದ ಬುಡಕ್ಕೆ ತಿರುಗಿಸಿಡಿ. ಆಗ ವಾಲ್ವ್ ವಾಲಿದ್ದು ಕಣ್ಣಿಗೆ ಕಾಣುತ್ತದೆ. ವಾಲಿದ್ದರೆ ಗಾಳಿ ಪೂರ್ತಿ ಬಿಟ್ಟು, ಟಾಯರನ್ನು ಹಿಂದಕ್ಕೆ ಸರಿಸಿ ನೆಟ್ಟಗೆ ಮಾಡಿ.

ಶಿರಹಟ್ಟಿ, ಸವಣೂರಿನ ಪಂಕ್ಚರ್ ಅಂಗಡಿಗಳಲ್ಲಿ 21 ಇಂಚಿನ ಟ್ಯೂಬ್ ಸಿಗುತ್ತದೆಂದು ನೆಚ್ಚಬೇಡಿ, ಒಂದನ್ನು ಜೊತೆಗೇ ಇಟ್ಟುಕೊಳ್ಳಿ. ತೀರಾ ಅಡಚಣೆಯಲ್ಲಿ ಅದೇ ಟ್ಯೂಬನ್ನು ಹಿಂದಿನ 18 ಇಂಚಿನ ಗಾಲಿಗೂ ಹಾಕಿ ನಿಧಾನಕ್ಕೆ ಮನೆ ಮುಟ್ಟಬಹುದು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮುಂದಿನ ಗಾಲಿಯೂ 21 ಇಂಚಿನದೇ, ಅದರ ಟ್ಯೂಬ್ ಹೊಂದುತ್ತದೆ.

ತೊಳೆಯುವ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಮಣ್ಣು ಒಣಗಲು ಬಿಟ್ಟು, ಭಾನುವಾರ ವಾಟರ್ ಸರ್ವೀಸಿಗೆ ಒಯ್ದು, ಪ್ರೆಶರ್ ಗನ್ನಿನಿಂದ ಹತ್ತಿರದಲ್ಲೇ ಹೊಡೆಸುತ್ತಾರೆ. ಬೈಕ್ ಹೊಳೆಯುತ್ತದೆ, ಆದರೆ ಮಣ್ಣು ಬೆರೆತ ನೀರು ಗಾಲಿ ಬೇರಿಂಗ್, ಸ್ವಿಂಗ್ ಆರ್ಮ್ ಬುಶ್, ಹ್ಯಾಂಡಲ್ ತಿರುಗಿಸುವ ಬೇರಿಂಗ್ ಅಂದರೆ ಕೋನ್ ಸೆಟ್ ಒಳಗೆ ಹೊಕ್ಕು ಗ್ರೀಸನ್ನು ತಿಂದುಬಿಡುತ್ತದೆ. ಅದೇ ದಿನ, ಮಣ್ಣು ಹಸಿ ಇರುವಾಗಲೇ, ಮೊದಲು ಕಟ್ಟಿಗೆ ಚಕ್ಕೆಯಿಂದ ದಪ್ಪ ಹೆಂಟೆ ಕೆತ್ತಿ ತೆಗೆಯಿರಿ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಸಾದಾ ಪೈಪಿನ ನೀರಿನಲ್ಲಿ ನೆನೆಸಿ, ಬ್ರಷ್ ಹಾಕಿ. ಕೊನೆಗೆ ಬಟ್ಟೆ ತೆಗೆದು ಹತ್ತು ನಿಮಿಷ ಎಂಜಿನ್ ಓಡಿಸಿ ಒಣಗಿಸಿ.

ತೊಳೆಯುವಾಗ ಎಂಜಿನ್ ಮುಂದಿನ ಆಯಿಲ್ ಕೂಲರನ್ನು ಮರೆಯಬೇಡಿ. ಮುಂದಿನ ಗಾಲಿ ಎರಚಿದ ರಾಡಿ ಅದರ ಪಟ್ಟಿಗಳ ಮಧ್ಯೆ ಇಟ್ಟಿಗೆಯಂತೆ ಕೂಡುತ್ತದೆ, ಗಾಳಿ ಹೋಗುವುದಿಲ್ಲ. ಒಂದನೇ ಗೇರಿನಲ್ಲಿ ಒದ್ದಾಡುವ ಹೊತ್ತಿನಲ್ಲೇ ಎಂಜಿನ್ ಬಿಸಿಯೇರುತ್ತದೆ. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು, ಪ್ಲಾಸ್ಟಿಕ್ ಬ್ರಷ್ಷಿನಿಂದ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪಟ್ಟಿ ಮಡಚುತ್ತದೆ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ರೇಡಿಯೇಟರ್ ಇದೆ, ಅಲ್ಲಿ ಈ ಕೆಲಸ ಇನ್ನೂ ಮುಖ್ಯ.

ಆಯಿಲನ್ನು ಹೊಲದ ಬಳಕೆಯಲ್ಲಿ 2,000ದಿಂದ 2,500 ಕಿ.ಮೀ.ಗೆ ಬದಲಿಸುವುದು ಒಳ್ಳೆಯದು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಆಯಿಲಿನ ಜಪಾನಿ ಮಾನದಂಡ) ಗುರುತು ಇರಲೇಬೇಕು. ಇದರ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರುತ್ತದೆ. ಏರ್ ಫಿಲ್ಟರ್ ಎಣ್ಣೆ ಹಿಡಿದ ಕಾಗದದ್ದಾದರೆ ಗಾಳಿ ಹೊಡೆಯದೆ, ತೊಳೆಯದೆ, ಹೊಸದು ಹಾಕಿ. ಕಡಲೆ, ಜೋಳ ಕೊಯ್ದ ಮೇಲಿನ ಧೂಳಿನ ತಿಂಗಳುಗಳಲ್ಲಿ ಕೈಪಿಡಿಯ ಅರ್ಧ ಅವಧಿಗೇ ತೆಗೆದು ನೋಡಿ.

ಮುಂದಿನ ಸಸ್ಪೆನ್ಷನ್ ಪೈಪು, ಅಂದರೆ ಫೋರ್ಕಿನಿಂದ ಆಯಿಲ್ ಸೋರಿದರೆ ಕೂಡಲೇ ಸೀಲ್ ಬದಲಿಸಬೇಕಾಗಿಲ್ಲ. ಬಹಳ ಸಲ ಸೀಲಿನ ತುಟಿಯಲ್ಲಿ ಒಂದು ಮಣ್ಣಿನ ಕಣ ಸಿಕ್ಕಿರುತ್ತದೆ. ಮೇಲಿನ ಧೂಳಿನ ಸೀಲ್ ಎತ್ತಿ, ಹಳೆಯ ಎಕ್ಸ್-ರೇ ಫಿಲ್ಮನ್ನು ಬೆರಳಗಲ ಕತ್ತರಿಸಿ, ತುದಿಗೆ ಸಣ್ಣ ಕೊಕ್ಕೆ ಮಾಡಿ, ಸೀಲಿನೊಳಗೆ ತೂರಿಸಿ ಸುತ್ತಲೂ ಒಮ್ಮೆ ಎಳೆದು ಬಿಡಿ. ಕಣ ಹೊರಗೆ ಬಂದರೆ ಸೋರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ, ಅಥವಾ ಪೈಪಿನ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ ಮೆಕ್ಯಾನಿಕ್ ಬಳಿ ಹೋಗಿ.

ಬ್ರೇಕ್, ಕ್ಲಚ್ ಲಿವರುಗಳ ಹಿಡಿಕೆಯ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಗಟ್ಟಿಯಾಗಿ ಒತ್ತಿದರೆ ಹ್ಯಾಂಡಲ್ಲಿನ ಮೇಲೆ ತಿರುಗುವಷ್ಟು ಇರಲಿ, ಬಿದ್ದಾಗ ಲಿವರ್ ಮುರಿಯದೆ ಸರಿಯುತ್ತದೆ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ತಟ್ಟಿ ನೋಡಿ. ಬಿಗಿಯಿದ್ದದ್ದು ಗಣಗಣ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಕ್ ಅನ್ನುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ರಿಮ್ ಡೊಂಕಾಗುತ್ತದೆ.

ಎಲ್ಲಿ ಓಡಿಸಬೇಕು? ಕಪ್ಪತಗುಡ್ಡ ವನ್ಯಜೀವಿಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಒಳಗೆ ಬೇಡವೇ ಬೇಡ. ಫಸಲು ತೆಗೆದ ಹೊಲವಾದರೆ ಮಾಲೀಕರನ್ನು ಕೇಳಿ ಇಳಿಸಿ, ಒಡ್ಡು ಹತ್ತಿಸಬೇಡಿ. ಗಾಲಿ ಮುರಿದ ಒಡ್ಡಿನಲ್ಲೇ ಮುಂದಿನ ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರ್ ಗಾಲಿಯ ಜಾಡು ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಮುಂದಿನ ಗಾಲಿ ಅದರಲ್ಲಿ ಇಳಿದರೆ ಹ್ಯಾಂಡಲ್ ಎಳೆದು ಹೊರಬರಲು ಹೋಗಬೇಡಿ. ಎದ್ದು ನಿಂತು, ಕಣ್ಣು ದೂರಕ್ಕಿಟ್ಟು, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಸಮನಾಗಿ ಹಿಡಿದು, ಜಾಡು ತಾನಾಗಿ ತೆಳುವಾಗುವ ಜಾಗದವರೆಗೆ ಅದರಲ್ಲೇ ಹೋಗಿ.