ಆಕ್ಸೊಲಾಟಲ್ ಟ್ಯಾಂಕ್ ತಣ್ಣಗಿಡುವುದು ಹೇಗೆ: ಫ್ಯಾನ್, ಐಸ್ ಬಾಟಲಿ, ಚಿಲ್ಲರ್ ಮೂರನ್ನೂ ಬಳಸಿ ನೋಡಿದ ಮೇಲೆ

ಆಕ್ಸೊಲಾಟಲ್, ಅಂದರೆ ಜೀವನವಿಡೀ ನೀರಿನಲ್ಲೇ ಇರುವ ಒಂದು ಬಗೆಯ ಸಾಲಮಂಡರ್, ಸಾಕಬೇಕು ಅನ್ನುವವರು ಮೊದಲು ಕೇಳುವುದು ಎಷ್ಟು ದೊಡ್ಡ ಟ್ಯಾಂಕ್ ಬೇಕು ಅಂತ. ನಮ್ಮ ಕಡೆ ಅದಕ್ಕಿಂತ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಟ್ಯಾಂಕ್ ಇಡಬೇಕೆಂದಿರುವ ಮೂಲೆಯಲ್ಲಿ ಒಂದು ಬಕೆಟ್ ನೀರು ಇಡಿ. ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ ಅದಕ್ಕೆ ಥರ್ಮಾಮೀಟರ್ ಹಾಕಿ ನೋಡಿ. ಬೆಂಗಳೂರಿನಲ್ಲಿ ನಮ್ಮ ಮನೆ ಮೇಲಿನ ಮಹಡಿಯಲ್ಲಿದೆ. ಅಲ್ಲಿ 28 ಡಿಗ್ರಿ ತೋರಿಸಿತು. ಆಕ್ಸೊಲಾಟಲ್‌ಗೆ ಬೇಕಾದ್ದು 16ರಿಂದ 18. ಹೆಚ್ಚೆಂದರೆ 20. ನೀರು 24 ದಾಟಿ ಹಾಗೇ ಉಳಿದರೆ ಅದು ತಿನ್ನುವುದು ಬಿಡುತ್ತದೆ, ತಲೆಯ ಪಕ್ಕ ಗರಿಯ ಹಾಗೆ ಹೊರಗೆ ಚಾಚಿಕೊಂಡಿರುವ ಕಿವಿರಿನ ಮೇಲೆ ಬಿಳಿ ಫಂಗಸ್ ಬರುತ್ತದೆ, ಕೊನೆಗೆ ಜೀವಕ್ಕೇ ಅಪಾಯ.

ಅದರ ಊರು ಅಂಥದ್ದು. ಮೆಕ್ಸಿಕೊ ನಗರದ ದಕ್ಷಿಣ ಭಾಗದ ಸೊಚಿಮಿಲ್ಕೊ ಕಾಲುವೆಗಳು ಸುಮಾರು 2,240 ಮೀಟರ್ ಎತ್ತರದಲ್ಲಿವೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಸುಮಾರು 300 ಮೀಟರ್ ಮೇಲೆ. ಅಲ್ಲಿ ಈಗ ಅದು ಅಳಿವಿನ ಅಂಚಿನಲ್ಲಿದೆ. ಆ ತಣ್ಣನೆಯ ನೀರಿನ ಜೀವವನ್ನು ನಾವು ಬಯಲುಸೀಮೆಯ ಬಿಸಿಲಿಗೆ ತರುತ್ತಿದ್ದೇವೆ. ಹಾಗಾಗಿ ಟ್ಯಾಂಕಿಗೆ ಸೇರುವ ಪ್ರತಿಯೊಂದು ವಸ್ತುವನ್ನೂ ನಾನು ಮೊದಲು ಈ ಬಿಸಿಲಿನ ಲೆಕ್ಕದಲ್ಲೇ ನೋಡುತ್ತೇನೆ.

ಟ್ಯಾಂಕಿನ ಆಕಾರದಿಂದಲೇ ಶುರು ಮಾಡೋಣ. ನನ್ನ ಹತ್ತಿರ ಎರಡು ಟ್ಯಾಂಕ್‌ಗಳಿವೆ. ಒಂದು 24 ಇಂಚು ಉದ್ದ, 12 ಅಗಲ, 18 ಎತ್ತರದ್ದು. ಇನ್ನೊಂದು 36 ಉದ್ದ, 18 ಅಗಲ, 15 ಎತ್ತರದ್ದು. ನೋಡಲು ಮೊದಲನೆಯದೇ ಚೆಂದ. ಆದರೆ ಆಕ್ಸೊಲಾಟಲ್ ಮೀನಿನ ಹಾಗೆ ಮೇಲೆ ಕೆಳಗೆ ಈಜಾಡುತ್ತಾ ಇರುವುದಿಲ್ಲ, ತಳದಲ್ಲಿ ನಡೆಯುತ್ತದೆ. ಒಂಬತ್ತು ಹತ್ತು ಇಂಚು ಬೆಳೆದ ಮೇಲೆ 12 ಇಂಚು ಅಗಲದಲ್ಲಿ ತಿರುಗುವುದಕ್ಕೇ ಕಷ್ಟ. ಅಗಲದ ಟ್ಯಾಂಕಿನಲ್ಲಿ ಗಾಳಿಗೆ ತೆರೆದ ನೀರಿನ ಮೇಲ್ಮೈ ಎರಡರಷ್ಟಕ್ಕೂ ಜಾಸ್ತಿ. ಫ್ಯಾನ್ ಕೆಲಸ ಮಾಡುವುದು ಅಲ್ಲೇ. ಈ ಟ್ಯಾಂಕನ್ನು 12 ಇಂಚಿನವರೆಗೆ ತುಂಬಿದರೆ ಸುಮಾರು 125 ಲೀಟರ್ ಹಿಡಿಯುತ್ತದೆ. ಮುಂದೆ ಹೇಳುವುದೆಲ್ಲ ಈ ಟ್ಯಾಂಕಿನ ಮಾತು.

ಮೊದಲು ಫ್ಯಾನ್. ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಸಣ್ಣ ಫ್ಯಾನ್‌ಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಅಷ್ಟೇ ಇದರ ಗುಟ್ಟು. ಆದ್ದರಿಂದ ಫ್ಯಾನ್ ಎಷ್ಟು ತಂಪು ಕೊಡುತ್ತದೆ ಅನ್ನುವುದು ನಿಮ್ಮ ಊರಿನ ಗಾಳಿ ಎಷ್ಟು ಒಣಗಿದೆ ಅನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನ ಮಾರ್ಚ್-ಏಪ್ರಿಲ್ ಗಾಳಿ ಒಣ ಗಾಳಿ. ಆಗ ನನ್ನ ಟ್ಯಾಂಕ್ ನಾಲ್ಕು ಡಿಗ್ರಿವರೆಗೆ ಇಳಿಯಿತು. ಮಳೆ ಹಿಡಿದ ಮೇಲೆ ಎರಡು ಡಿಗ್ರಿ ಇಳಿದರೆ ಹೆಚ್ಚು. ಮಂಗಳೂರು, ಉಡುಪಿ ಕಡೆ ವರ್ಷವಿಡೀ ತೇವದ ಗಾಳಿ. ಅಲ್ಲಿ ಫ್ಯಾನ್ ನಂಬಿಕೊಂಡು ಆಕ್ಸೊಲಾಟಲ್ ತರಬೇಡಿ.

ಬೆಂಗಳೂರಿನಲ್ಲೂ ಲೆಕ್ಕ ನೋಡಿ: 28ರಿಂದ ನಾಲ್ಕು ಕಳೆದರೆ 24. ಅದು ಅಪಾಯದ ಗೆರೆ. ಚಳಿಗಾಲದಲ್ಲಿ ಮಾತ್ರ ಫ್ಯಾನ್ ಒಂದೇ ಸಾಕಾಯಿತು. ಮನೆಯೊಳಗೆ 21 ಇದ್ದಾಗ ನೀರು 18ರ ಹತ್ತಿರ ನಿಂತಿತು. ಮಡಿಕೇರಿಯಂಥ ತಂಪಿನ ಊರಿನವರಿಗೆ ಇದು ಇನ್ನೂ ಜಾಸ್ತಿ ತಿಂಗಳು ಒದಗಬಹುದು. ಫ್ಯಾನ್ ಹಾಕುವವರು ಗಾಜಿನ ಮುಚ್ಚಳದ ಬದಲು ಬಲೆಯ ಮುಚ್ಚಳ ಹಾಕಬೇಕು. ಮುಚ್ಚಿದರೆ ಆವಿ ಹೋಗುವುದಿಲ್ಲ, ತೆರೆದಿಟ್ಟರೆ ಆಕ್ಸೊಲಾಟಲ್ ಹಾರಿ ಹೊರಗೆ ಬೀಳಬಹುದು.

ಇನ್ನೊಂದು ಮಾತು. ಫ್ಯಾನ್ ಓಡುವಾಗ ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್‌ಗೂ ಜಾಸ್ತಿ ನೀರು ಕಡಿಮೆಯಾಗುತ್ತದೆ. ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಹೀಗೆ ಕಡಿಮೆಯಾದಷ್ಟನ್ನು ಆರ್‌ಓ ನೀರಿನಿಂದ ತುಂಬಿ. ವಾರಕ್ಕೊಮ್ಮೆ ನೀರು ಬದಲಿಸುವಾಗ ಮಾತ್ರ ಆರ್‌ಓ ಬೇಡ. ಆಕ್ಸೊಲಾಟಲ್‌ಗೆ ಗಡಸು ನೀರೇ ಇಷ್ಟ. ನಮ್ಮ ಬೋರ್ ನೀರನ್ನು ಎಲ್ಲರೂ ಬೈಯುತ್ತಾರೆ, ಈ ಪ್ರಾಣಿಗೆ ಅದು ಒಗ್ಗುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಬೇಕು.

ಎರಡನೆಯದು ಐಸ್ ಬಾಟಲಿ. ಫ್ರೀಜರ್‌ನಲ್ಲಿ ಬಾಟಲಿ ಗಟ್ಟಿ ಮಾಡಿ ತೇಲಿಬಿಡುವುದು. ಖರ್ಚಿಲ್ಲ ಅಂತ ಎಲ್ಲರೂ ಇದನ್ನೇ ಮೊದಲು ಹೇಳುತ್ತಾರೆ. ಲೆಕ್ಕ ಹಾಕಿದರೆ ಹುರುಳು ಗೊತ್ತಾಗುತ್ತದೆ. ಒಂದು ಲೀಟರ್ ಐಸ್ ಪೂರ್ತಿ ಕರಗಿ ಟ್ಯಾಂಕಿನಷ್ಟೇ ಬೆಚ್ಚಗಾಗುವಷ್ಟರಲ್ಲಿ 125 ಲೀಟರ್ ನೀರನ್ನು ಇಳಿಸುವುದು ಒಂದು ಡಿಗ್ರಿಗಿಂತ ಕಡಿಮೆ, ಸುಮಾರು 0.8. ಹತ್ತು ಡಿಗ್ರಿ ಇಳಿಸಲು ಹನ್ನೆರಡು ಬಾಟಲಿ ಬೇಕು. ಅಷ್ಟರಲ್ಲಿ ಕೋಣೆಯ ಶಾಖ ಹಿಂದಿನಿಂದ ನೀರನ್ನು ಮತ್ತೆ ಬಿಸಿ ಮಾಡುತ್ತಲೇ ಇರುತ್ತದೆ. ಮಧ್ಯಾಹ್ನ ಬಾಟಲಿ ಹಾಕಿ ಇಳಿಸಿದರೂ ಸಂಜೆಗೆ ಏರಿರುತ್ತಿತ್ತು. ಹೀಗೆ ದಿನಾ ಏರುವುದು ಇಳಿಯುವುದೇ ಆಕ್ಸೊಲಾಟಲ್‌ಗೆ ದೊಡ್ಡ ಹಿಂಸೆ. 20ರಲ್ಲಿ ಒಂದೇ ಸಮ ನಿಂತ ನೀರು, 17ಕ್ಕೂ 23ಕ್ಕೂ ನಡುವೆ ಓಲಾಡುವ ನೀರಿಗಿಂತ ಎಷ್ಟೋ ಮೇಲು. ಐಸ್ ಬಾಟಲಿಯನ್ನು ದಿನನಿತ್ಯದ ಉಪಾಯವಾಗಿ ನಾನು ಯಾರಿಗೂ ಹೇಳುವುದಿಲ್ಲ. ಕರೆಂಟ್ ಹೋದಾಗ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಫ್ರೀಜರ್‌ನಲ್ಲಿ ನಾಲ್ಕು ಬಾಟಲಿ ಯಾವಾಗಲೂ ಇರಲಿ.

ಮೂರನೆಯದು ಚಿಲ್ಲರ್. ಇದು ಕಂಪ್ರೆಸರ್ ಇರುವ ಯಂತ್ರ. ನೀರು ಅದರೊಳಗೆ ಹಾದು ತಣ್ಣಗಾಗಿ ಹಿಂದಿರುಗುತ್ತದೆ. ನನ್ನದು 1/10 ಎಚ್‌ಪಿ. ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್ ಎಲ್ಲಕ್ಕೂ ಸೇರಿ ಕೊಟ್ಟದ್ದಕ್ಕಿಂತ ಜಾಸ್ತಿ ಹಣ ಇದೊಂದಕ್ಕೇ ಹೋಯಿತು. ಕರೆಂಟ್ ಬಿಲ್ಲೂ ಏರುತ್ತದೆ. ಆದರೂ 17ಕ್ಕೆ ಇಟ್ಟರೆ ಹೊರಗೆ ಎಂಥ ಬಿಸಿಲಿದ್ದರೂ ನೀರು 17ರ ಆಸುಪಾಸಿನಲ್ಲೇ ಇರುತ್ತದೆ. ಚಿಲ್ಲರ್ ಬಂದ ಮೇಲೆ ನಮ್ಮ ಆಕ್ಸೊಲಾಟಲ್‌ಗಳ ಕಿವಿರು ತುಂಬಿಕೊಂಡವು, ಎರೆಹುಳು ಕಂಡರೆ ಓಡಿಬರುವಂತಾದವು. ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಚಿಲ್ಲರ್ ಇಡುವ ಜಾಗದ ಬಗ್ಗೆ ಗಮನ ಇರಲಿ. ನೀರಿನಿಂದ ತೆಗೆದ ಶಾಖವನ್ನು ಅದು ಕೋಣೆಗೆ ಬಿಡುತ್ತದೆ. ಸ್ಟ್ಯಾಂಡಿನ ಬಾಗಿಲು ಹಾಕಿದ ಕಪಾಟಿನೊಳಗೆ ಇಟ್ಟರೆ ತನ್ನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಸುಸ್ತಾಗುತ್ತದೆ. ಗಾಳಿಯಾಡುವ ಕಡೆ, ಗೋಡೆಯಿಂದ ದೂರ ಇಡಿ. ಮಳೆಗಾಲದಲ್ಲಿ ತಣ್ಣನೆಯ ಗಾಜು ಬೆವರಿ ಸ್ಟ್ಯಾಂಡ್ ನೆನೆಯುತ್ತದೆ. ಅದಕ್ಕೂ ಶಾಖಕ್ಕೂ ಒಂದೇ ಮದ್ದು ಥರ್ಮಾಕೋಲ್. ಹಿಂಭಾಗ, ಎರಡು ಪಕ್ಕ, ಅಡಿ, ಎಲ್ಲ ಕಡೆ ಹಾಳೆ ಕೊಟ್ಟೆ. ಕಂಪ್ರೆಸರ್ ಓಡುವ ಹೊತ್ತು ಎದ್ದು ಕಾಣುವಷ್ಟು ಕಡಿಮೆಯಾಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಉಪಕಾರ ಮಾಡುವ ವಸ್ತು ಈ ಪಟ್ಟಿಯಲ್ಲಿ ಬೇರೆ ಇಲ್ಲ.

ಆನ್‌ಲೈನ್‌ನಲ್ಲಿ ಕಂಪ್ರೆಸರ್ ಇಲ್ಲದ, ಪೆಲ್ಟಿಯರ್ ಚಿಪ್ (ಕರೆಂಟ್ ಹಾಯಿಸಿದರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) ಇರುವ ಪುಟಾಣಿ ಕೂಲರ್‌ಗಳೂ ಬರುತ್ತವೆ. ಈ ಗಾತ್ರದ ಟ್ಯಾಂಕಿಗೆ ಅವು ಸುಮ್ನೆ ದಂಡ. ಕೋಣೆಗೆ ಎಸಿ ಹಾಕಿದರೆ ಸಾಲದಾ ಅನ್ನುವವರಿಗೆ: 24ಕ್ಕೆ ಎಸಿ ಇಟ್ಟರೆ ನೀರೂ 24ರ ಹತ್ತಿರವೇ ಇರುತ್ತದೆ. ಆದರೆ ಎಸಿ ಗಾಳಿಯನ್ನು ಒಣಗಿಸುತ್ತದೆ, ಹಾಗಾಗಿ ಎಸಿ ಕೋಣೆಯಲ್ಲಿ ಫ್ಯಾನ್‌ಗೆ ಬಲ ಬರುತ್ತದೆ. ಹೇಗಿದ್ದರೂ ಹಗಲೂ ರಾತ್ರಿ ಎಸಿ ಓಡುವ ಮನೆಗೆ ಈ ಜೋಡಿ ಆಗಬಹುದು. ಟ್ಯಾಂಕಿಗೋಸ್ಕರವೇ ಎಸಿ ಓಡಿಸುವುದಾದರೆ ಚಿಲ್ಲರ್ ತೆಗೆದುಕೊಳ್ಳುವುದೇ ಮೇಲು.

ಫಿಲ್ಟರ್ ವಿಷಯ ಚಿಲ್ಲರ್ ಜೊತೆಗೇ ಬರುತ್ತದೆ. ಆಕ್ಸೊಲಾಟಲ್‌ಗೆ ನಿಂತಂಥ ನೀರು ಬೇಕು. ಸೆಳೆತ ಜಾಸ್ತಿಯಾದರೆ ಕಿವಿರು ಮುಂದಕ್ಕೆ ಬಾಗುತ್ತದೆ. ಇನ್ನೊಂದು ಕಡೆ ಚಿಲ್ಲರ್‌ಗೆ ಇಷ್ಟು ನೀರು ಹರಿಯಲೇಬೇಕು ಅಂತ ಇರುತ್ತದೆ. ಟ್ಯಾಂಕಿನ ಹೊರಗೆ ಇಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್‌ನಿಂದ ನೀರನ್ನು ಚಿಲ್ಲರ್‌ಗೆ ಕೊಟ್ಟು, ಅಲ್ಲಿಂದ ಬರುವ ನೀರನ್ನು ಸಾಲು ತೂತುಗಳ ಪೈಪಿನಲ್ಲಿ ಹಿಂದಿನ ಗಾಜಿಗೆ ಮುಖ ಮಾಡಿ ಬಿಟ್ಟೆ. ಸೆಳೆತ ಗಾಜಿಗೆ ಬಡಿದು ಸಾಯುತ್ತದೆ. ಬರೀ ಫ್ಯಾನ್ ಇಡುವವರಿಗೆ ಗಾಳಿ ಪಂಪಿನ ಸ್ಪಂಜ್ ಫಿಲ್ಟರ್ ಸಾಕು. ನಾನೂ ಒಂದು ಸ್ಪಂಜ್ ಇಟ್ಟು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ. ಕರೆಂಟ್ ಹೋದಾಗ ಅದು, ಐಸ್ ಬಾಟಲಿ, ಥರ್ಮಾಕೋಲ್ ಮೂರೂ ಸೇರಿ ಒಂದು ಸಂಜೆಯನ್ನು ದಾಟಿಸುತ್ತವೆ.

ತಳಕ್ಕೆ ಏನು ಹಾಕಬೇಕು? ಜಲ್ಲಿ, ಬಣ್ಣದ ಕಲ್ಲು ಖಂಡಿತ ಬೇಡ. ಆಕ್ಸೊಲಾಟಲ್ ಬಾಯಿ ತೆರೆದು ನೀರಿನ ಜೊತೆ ಊಟವನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಯಿಗೆ ಹಿಡಿಯುವ ಕಲ್ಲೂ ಒಳಗೆ ಹೋಗಿ ಕರುಳು ಕಟ್ಟುತ್ತದೆ. ಬರೀ ಗಾಜು ತೊಳೆಯಲು ಸುಲಭ, ಆದರೆ ಕಾಲಿಗೆ ಹಿಡಿತ ಸಿಗುವುದಿಲ್ಲ. ಒಂದು ಮಿಲಿಮೀಟರ್‌ಗಿಂತ ಸಣ್ಣ ಮರಳಿನ ಮೇಲೆ ಅದು ಚೆನ್ನಾಗಿ ನಡೆಯುತ್ತದೆ. ಆದರೂ ಆರು ಇಂಚು ಬೆಳೆಯುವ ತನಕ ಮರಳು ಬೇಡ. ಕಟ್ಟಡದ ಎಂ-ಸ್ಯಾಂಡ್ ಯಾವಾಗಲೂ ಬೇಡ, ಒಡೆದ ಕಲ್ಲಿನ ಚೂಪು ಅಂಚು ಅದರಲ್ಲಿದೆ. ನನಗೆ ಹಿಡಿಸಿದ್ದು ಹೊಳಪಿಲ್ಲದ, ಒರಟು ಟೈಲ್. ಮರಿಗೂ ಆಗುತ್ತದೆ, ದೊಡ್ಡದಕ್ಕೂ ಆಗುತ್ತದೆ. ಶಹಾಬಾದ್ ಕಲ್ಲು ಕೂಡ ಕೇಳುತ್ತಾರೆ. ಅದು ಸುಣ್ಣದ ಕಲ್ಲು, ವಿನೆಗರ್ ಬಿಟ್ಟರೆ ನೊರೆ ಬರುತ್ತದೆ. ನೀರನ್ನು ನಿಧಾನವಾಗಿ ಇನ್ನಷ್ಟು ಗಡಸು ಮಾಡುತ್ತದೆ. ಬೋರ್ ನೀರಿನ ಮನೆಯಲ್ಲಿ ಅದರ ಮೇಲೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಟೈಲ್ ಅಂಟಿಸಲು ಅಕ್ವೇರಿಯಂ ಸಿಲಿಕೋನ್ ಮಾತ್ರ ಬಳಸಿ. ಬಾತ್‌ರೂಮಿನ ಸಿಲಿಕೋನ್‌ನಲ್ಲಿ ಫಂಗಸ್ ಕೊಲ್ಲುವ ವಿಷ ಇರುತ್ತದೆ.

ಅಡಗಲು ನಾಲ್ಕು ಇಂಚಿನ ಪಿವಿಸಿ ಪೈಪ್ ಸಾಕು, ಅಂಚನ್ನು ಉಜ್ಜಿ ನುಣ್ಣಗೆ ಮಾಡಿ. ಆಕ್ಸೊಲಾಟಲ್‌ಗೆ ಕಣ್ಣುರೆಪ್ಪೆ ಇಲ್ಲ, ಜೋರು ಲೈಟ್ ಹಾಕಬೇಡಿ.

ಪ್ರಾಣಿ ತರುವ ಮೊದಲು ಟ್ಯಾಂಕಿನಲ್ಲಿ, ಪ್ರಾಣಿಯ ಗಲೀಜಿನಿಂದ ಬರುವ ವಿಷವಾದ ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆಗ ಮಾತ್ರ ನಮ್ಮ ಬಿಸಿಲು ಒಳ್ಳೆಯದು. ಚಿಲ್ಲರ್ ಹಾಕದೆ, ಕೋಣೆಯ ಬಿಸಿಯಲ್ಲೇ ಬಿಟ್ಟರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅದಕ್ಕೆ ಆಹಾರವಾಗಿ ನಾವು ಹಾಕಿದ ಅಮೋನಿಯ 24 ಗಂಟೆಯೊಳಗೆ ಸೊನ್ನೆಯಾಗಬೇಕು, ಅಮೋನಿಯ ಒಡೆದು ಬರುವ ನೈಟ್ರೈಟೂ ಸೊನ್ನೆಯಿರಬೇಕು. ಆಮೇಲೆ ಚಿಲ್ಲರ್ ಹಾಕಿ, ನಿಧಾನವಾಗಿ 17ಕ್ಕೆ ಇಳಿಸಿ. ಕಾಯುವ ಆ ವಾರಗಳಲ್ಲೇ ಕಾಗದಪತ್ರದ ಕೆಲಸವನ್ನೂ ವಿಚಾರಿಸಿಕೊಳ್ಳಿ. ಆಕ್ಸೊಲಾಟಲ್ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಹತ್ತಿರ ಅವರ ನೋಂದಣಿ ಕಾಗದ ಕೇಳಿ. ಕೊಡದಿದ್ದರೆ ಬೇರೆ ಕಡೆ ಹುಡುಕಿ.